ತೋಟದ ಚೆಕ್‌ರೋಲ್‌ಗೆ ಪ್ರೋಗ್ರಾಂ ಬರೆದೆ, ರೈಟರ್ ಮುಟ್ಟುತ್ತಿಲ್ಲ. ನೀವೆಲ್ಲ ಏನು ಬರೆಯುತ್ತಿದ್ದೀರಿ?

ಕಣದಮೂಲೆ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ಸಂಬಳಕ್ಕೆ ಅಲ್ಲದೆ, ಮನೆಗೋ ತೋಟಕ್ಕೋ ಊರಿಗೋ ಅಂತ ಕೋಡ್ ಬರೆಯುವವರು ಇಲ್ಲಿ ಎಷ್ಟು ಜನ ಇದ್ದೀರಿ? ಮೊದಲು ನನ್ನದನ್ನು ಹೇಳುತ್ತೇನೆ, ಆಮೇಲೆ ನಿಮ್ಮದು ಹೇಳಿ. ನನಗೆ ಸಲಹೆಯೂ ಬೇಕು.

ನಮ್ಮದು ಸಣ್ಣ ತೋಟ. ಅರೇಬಿಕಾ ಸ್ವಲ್ಪ, ರೊಬಸ್ಟಾ ಜಾಸ್ತಿ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಕುಯ್ಲಿನ ಹೊತ್ತಿಗೆ ನಲವತ್ತು ಆಳು ಬರುತ್ತಾರೆ, ಉಳಿದ ಕಾಲಕ್ಕೆ ಹದಿನೈದು. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರಿದ್ದಾರೆ, ನಾನು ಶಾಲೆಗೆ ಹೋಗುವ ಕಾಲದಿಂದ ಅವರೇ. ಚೆಕ್‌ರೋಲ್, ಅಂದರೆ ಹಾಜರಿ ಮತ್ತು ಕೂಲಿ ಲೆಕ್ಕದ ಪುಸ್ತಕ, ಪೂರ್ತಿ ಅವರ ಕೈಬರಹ. ಯಾರು ಬಂದರು, ಯಾರದ್ದು ಅರ್ಧ ದಿನ, ಯಾರಿಗೆ ಎಷ್ಟು ಮುಂಗಡ, ಶನಿವಾರ ಬಟವಾಡೆಗೆ ಎಷ್ಟು ದುಡ್ಡು ಬೇಕು, ಎಲ್ಲ ಆ ಉದ್ದನೆಯ ಪುಸ್ತಕದಲ್ಲೇ. ಕೂಡಿ ಕಳೆಯುವುದಕ್ಕೆ ಶುಕ್ರವಾರ ರಾತ್ರಿ ಎರಡು ಮೂರು ಗಂಟೆ ಹೋಗುತ್ತದೆ. ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿಂದ. ಅವರಿಗೆ ಈಗ ಕನ್ನಡಕ ಹಾಕಿಕೊಂಡರೂ ಕಣ್ಣು ಸೋಲುತ್ತದೆ. ಅದನ್ನು ನೋಡಲಾರದೆ ಕಳೆದ ಮಳೆಗಾಲದಲ್ಲಿ ಕೂತು ಪ್ರೋಗ್ರಾಂ ಬರೆದೆ.

ಪೈಥಾನ್ ಭಾಷೆ, ವೆಬ್ ಪುಟಕ್ಕೆ ಜಾಂಗೋ, ಲೆಕ್ಕ ಇಡುವುದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಎಲ್ಲವನ್ನೂ ಡಾಕರ್ ಅನ್ನುವ ಡಬ್ಬಿಗೆ ಹಾಕಿ ತಿಂಗಳ ಬಾಡಿಗೆಯ ಸರ್ವರ್‌ನಲ್ಲಿ ಇಟ್ಟೆ. ಲಾಗಿನ್ ಇದೆ. ಆಳುಗಳ ಪಟ್ಟಿ ಇದೆ. ಕೆಲಸಗಳ ಪಟ್ಟಿ ಇದೆ: ಕಳೆ, ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಚಿಗುರು ತೆಗೆಯುವುದು, ಗೊಬ್ಬರ, ಸ್ಪ್ರೇ, ಕುಯ್ಲು. ನಾಲ್ಕು ತಿಂಗಳು ರಾತ್ರಿ ಕೂತು ಮಾಡಿದ್ದು. ರೈಟರ್ ಮೂರು ದಿನ ಬಳಸಿದರು. ನಾಲ್ಕನೇ ದಿನ ನೋಡಿದರೆ ಮತ್ತೆ ಪುಸ್ತಕ. ಕೇಳಿದ್ದಕ್ಕೆ "ಚೆನ್ನಾಗಿದೆ ಅಣ್ಣ, ಆದ್ರೆ ಪುಸ್ತಕ ಬೇಗ ಆಗ್ತದೆ" ಅಂದರು. ಅವರು ಹೇಳಿದ ರೀತಿಯಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಆದರೂ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಯೋಚಿಸುತ್ತಿರುವುದು, ರಿಯಾಕ್ಟ್‌ನಲ್ಲಿ ಮುಂಭಾಗ ಹೊಸದಾಗಿ ಬರೆಯಲಾ, ಇಲ್ಲ ಕೋಟ್ಲಿನ್ ಕಲಿತು ಆಂಡ್ರಾಯ್ಡ್ ಆ್ಯಪ್ ಮಾಡಲಾ? ಗೊತ್ತಿರುವವರು ಹೇಳಿ.

ಗಿರಿಯಡಿ (ಚಿಕ್ಕಮಗಳೂರು)

ಎರಡೂ ಬೇಡ. ಈಗಲೇ ಏನೂ ಬರೆಯಬೇಡಿ.

ಮೊದಲು ಎರಡು ವಿಷಯ ಹೇಳಿ. ಒಂದು ದಿನದ ಹಾಜರಿ ಹಾಕುವುದಕ್ಕೆ ನಿಮ್ಮ ಪ್ರೋಗ್ರಾಂನಲ್ಲಿ ಎಷ್ಟು ಸಲ ಬೆರಳು ಒತ್ತಬೇಕು? ಹಾಜರಿ ತೆಗೆದುಕೊಳ್ಳುವ ಜಾಗದಲ್ಲಿ ಸಿಗ್ನಲ್ ಸಿಗುತ್ತದಾ? ಇದಕ್ಕೆ ಉತ್ತರ ಇಲ್ಲಿ ಕೂತು ಬರೆಯಬೇಡಿ. ನಾಳೆ ಬೆಳಿಗ್ಗೆ ರೈಟರ್ ಪಕ್ಕ ನಿಂತುಕೊಂಡು ನೋಡಿ ಬಂದು ಹೇಳಿ. ನಿಮ್ಮ ಪ್ರೋಗ್ರಾಂ ಬಗ್ಗೆ ಒಂದು ಮಾತೂ ಆಡಬೇಡಿ. ಸುಮ್ನೆ ಅವರು ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ ನೋಡಿ.

ಮಳೆಮಾಪಕ (ಸಕಲೇಶಪುರ)

ಅಣ್ಣ, ನಿಮ್ಮ ಕಥೆ ಓದಿ ನನ್ನದೇ ನೆನಪಾಯಿತು. ನಂದು ಮಳೆ ಲೆಕ್ಕ.

ತೋಟದ ಮೇಲಿನ ದಿಬ್ಬದಲ್ಲಿ ಮಳೆಮಾಪಕ ಇಟ್ಟಿದ್ದೇನೆ. ಒಳಗೆ ಎರಡು ಪುಟ್ಟ ತೊಟ್ಟಿ, ತಕ್ಕಡಿ ಹಾಗೆ. ಒಂದು ತುಂಬಿದರೆ ಮಗುಚಿ ಇನ್ನೊಂದು ಮೇಲೆ ಬರುತ್ತದೆ. ಮಗುಚಿದಾಗಲೆಲ್ಲ ಒಂದು ಅಯಸ್ಕಾಂತ ಸ್ವಿಚ್ ಮುಂದೆ ಹಾದು ಹೋಗಿ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸುದ್ದಿ ಮುಟ್ಟುತ್ತದೆ. ಒಂದು ಮಗುಚು ಅಂದರೆ 0.2794 ಮಿಲಿಮೀಟರ್. ನಮ್ಮ ತೋಟದವರ ಭಾಷೆಯಲ್ಲಿ 1.1 ಸೆಂಟ್. (ಗೊತ್ತಿಲ್ಲದವರಿಗೆ: ಇಲ್ಲಿ ಮಳೆ ಲೆಕ್ಕ ಈಗಲೂ ಇಂಚು ಮತ್ತು ಸೆಂಟ್. ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿ.ಮೀ.) ಅಲ್ಲಿಂದ ಮನೆಗೆ ಲೋರಾ ಅನ್ನುವ ದೂರ ಮುಟ್ಟುವ ರೇಡಿಯೊದಲ್ಲಿ ಬರುತ್ತದೆ, ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಒಳಗೆ ಲೈಸೆನ್ಸ್ ಬೇಕಿಲ್ಲ.

ಮೊದಲ ಮಳೆಗೇ ಲೆಕ್ಕ ಮೂರು ಪಟ್ಟು ಬಂತು. ಸ್ವಿಚ್ ಒಳಗಿನ ತಗಡು ಒಂದು ಸಲ ಮುಟ್ಟುವಾಗ ನಡುಗಿ ಎರಡು ಮೂರು ಸಲ ಮುಟ್ಟುತ್ತದೆ. ಒಂದು ಸಲ ಎಣಿಸಿದ ಮೇಲೆ 100 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡಿರು ಅಂತ ಕೋಡಿನಲ್ಲಿ ಬರೆದೆ, ಸರಿಯಾಯಿತು. ನಿಜವಾದ ಮಳೆ ತಪ್ಪಿ ಹೋಗುವುದಿಲ್ಲವಾ ಅಂತ ಒಬ್ಬರು ಕೇಳಿದರು. ಗಂಟೆಗೆ 100 ಮಿ.ಮೀ. ಸುರಿದರೂ ಸುಮಾರು ಹತ್ತು ಸೆಕೆಂಡಿಗೆ ಒಂದು ಸಲ ಮಾತ್ರ ಮಗುಚುತ್ತದೆ. ಹಾಗಾಗಿ ತಪ್ಪುವುದಿಲ್ಲ.

ಅಷ್ಟಾದರೂ ಅಪ್ಪನ ಪುಸ್ತಕಕ್ಕೂ ನನ್ನ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. ಅಪ್ಪ ಪ್ರತಿ ದಿನ ಬೆಳಿಗ್ಗೆ ಹೋಗಿ ಗಾಜಿನ ಅಳತೆಯಲ್ಲಿ ನೀರು ಸುರಿದು ನೋಡಿ ಬರೆಯುತ್ತಾರೆ. ಒಂದು ದಿನ ಅವರದ್ದು 90 ಸೆಂಟ್, ನನ್ನದು 35. ಮಾರನೇ ದಿನ ನನ್ನದು 70, ಅವರದ್ದು 15. ಎರಡು ವಾರ ಸೆನ್ಸರ್ ಬಿಚ್ಚಿದೆ, ತೊಳೆದೆ, ತಂತಿ ಬದಲಿಸಿದೆ. ತಪ್ಪು ಅಲ್ಲಿರಲೇ ಇಲ್ಲ. ನಾನು ರಾತ್ರಿ ಹನ್ನೆರಡಕ್ಕೆ ದಿನ ಮುಗಿಸುತ್ತಿದ್ದೆ. ಅಪ್ಪನ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ! ಹವಾಮಾನ ಇಲಾಖೆಯವರ ಮಳೆ ದಿನವೂ ಅದೇ, ಬೆಳಿಗ್ಗೆ 8:30ರಿಂದ 8:30. ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದ ಲೆಕ್ಕದಲ್ಲಿ ಅದು ಸರಿಯಾಗಿ 3 ಗಂಟೆ. ಕೋಡಿನಲ್ಲಿ ಒಂದೇ ಸಾಲು ಬದಲಾಯಿಸಿದೆ. ಮಾರನೇ ಬೆಳಿಗ್ಗೆ ಅಪ್ಪ 42 ಅಂದರು, ನನ್ನ ಪರದೆ ಮೇಲೆ 41.8. ಅಪ್ಪ ಮತ್ತೊಂದು ಸಲ ಗಾಜು ನೋಡಿ, ಆಮೇಲೆ ಪರದೆ ನೋಡಿ, ಏನೂ ಹೇಳದೆ ಕಾಫಿ ಕುಡಿಯಲು ಒಳಗೆ ಹೋದರು. ನನಗೆ ಅಷ್ಟು ಸಾಕಾಯಿತು.

ಆದ್ದರಿಂದ ಗಿರಿಯಡಿ ಅವರು ಹೇಳಿದ್ದು ಸರಿ. ಪುಸ್ತಕ ನೋಡಿ ಬನ್ನಿ.

ಕಣದಮೂಲೆ (ಮೂಡಿಗೆರೆ ಕಡೆ)

ನೋಡಿ ಬಂದೆ.

ನನ್ನ ಪ್ರೋಗ್ರಾಂನಲ್ಲಿ ಒಬ್ಬ ಆಳಿಗೆ ಐದು ಸಲ ಒತ್ತಬೇಕು. ಹೆಸರು ತೆರೆಯುವುದು, ಹೆಸರು ಆರಿಸುವುದು, ಕೆಲಸ, ಪೂರ್ತಿಯೋ ಅರ್ಧವೋ, ಸೇವ್. ನಲವತ್ತು ಜನಕ್ಕೆ ಇನ್ನೂರು ಸಲ. ಪ್ರತಿ ಸೇವ್‌ಗೂ ಸರ್ವರ್‌ಗೆ ಹೋಗಿ ಬರಬೇಕು. ಸಿಗ್ನಲ್ ಸಿಗುವುದು ಕಣದ ಆ ತುದಿಯಲ್ಲಿ, ನೀರಿನ ಟ್ಯಾಂಕ್ ಪಕ್ಕ ಮಾತ್ರ.

ಪುಸ್ತಕದಲ್ಲಿ ಹೇಗೆ ಅಂದರೆ, ಬೆಳಿಗ್ಗೆ ಏಳೂವರೆಗೆ ಆಳುಗಳೆಲ್ಲ ಆಫೀಸ್ ರೂಮಿನ ಮುಂದೆ ನಿಲ್ಲುತ್ತಾರೆ. ರೈಟರ್ ಹೆಸರು ಕೂಗುವುದೇ ಇಲ್ಲ. ಒಂದು ಸಲ ಎಲ್ಲರ ಮುಖ ನೋಡುತ್ತಾರೆ. ಬಾರದವರ ಸಾಲಿನಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ ಒಂದು ಅಡ್ಡಗೆರೆ. ಆಮೇಲೆ ಪೆನ್ ತೆಗೆದು ಮೇಲಿಂದ ಕೆಳಗೆ 1, 1, 1 ಅಂತ ಇಳಿಸುತ್ತಾರೆ. ಎರಡು ನಿಮಿಷ ಆಗಲಿಲ್ಲ. ಮಧ್ಯಾಹ್ನ ಯಾರಾದರೂ ಮನೆಗೆ ಹೋದರೆ ಅವರ 1ನ್ನು ಅರ್ಧ ಮಾಡುತ್ತಾರೆ, ಅಷ್ಟೇ.

ಇನ್ನೊಂದು ವಿಷಯ ಗಮನಿಸಿದೆ. ಅವರ ಪಟ್ಟಿ ಅಕಾರಾದಿ ಕ್ರಮದಲ್ಲಿ ಇಲ್ಲ. ಲೈನ್ ಮನೆಗಳ (ಆಳುಗಳು ಇರುವ ಸಾಲುಮನೆ) ಕ್ರಮದಲ್ಲಿ ಇದೆ. ಮೊದಲ ಮನೆ, ಎರಡನೇ ಮನೆ, ಆಮೇಲೆ ಹೊರಗಿನಿಂದ ಜೀಪಿನಲ್ಲಿ ಬರುವವರು. ಲಕ್ಷ್ಮಿ ಅಂತ ಮೂವರು ಇದ್ದಾರೆ. ಪುಸ್ತಕದಲ್ಲಿ "ಗೇಟಿನ ಲಕ್ಷ್ಮಿ", "ಜೀಪಿನ ಲಕ್ಷ್ಮಿ", ಇನ್ನೊಬ್ಬರು ಬರೀ "ಲಕ್ಷ್ಮಮ್ಮ". ನಾನು ಆಧಾರ್‌ನಲ್ಲಿ ಇರುವ ಹಾಗೆ ಮೂರೂ ಲಕ್ಷ್ಮಿ ಅಂತಲೇ ಹಾಕಿಟ್ಟಿದ್ದೆ. ಅವರು ಯಾವ ಲಕ್ಷ್ಮಿ ಅಂತ ಹುಡುಕುವುದಕ್ಕೇ ಸುಸ್ತಾಗಿರಬೇಕು.

ಗಿರಿಯಡಿ (ಚಿಕ್ಕಮಗಳೂರು)

ನಿಮ್ಮ ಹೊಸ ಪ್ರೋಗ್ರಾಂ ಇದರಲ್ಲೇ ಇದೆ ಮಾರಾಯ್ರೆ. ಬೆಳಿಗ್ಗೆ ಪುಟ ತೆರೆದ ಕೂಡಲೇ ಎಲ್ಲರೂ ಬಂದಿದ್ದಾರೆ ಅಂತ ಇರಬೇಕು. ಬಾರದವರ ಹೆಸರು ಒಂದು ಸಲ ಒತ್ತಿದರೆ ಅಡ್ಡಗೆರೆ, ಎರಡು ಸಲ ಒತ್ತಿದರೆ ಅರ್ಧ. ದಿನಕ್ಕೆ ಐದೋ ಆರೋ ಒತ್ತು. ಕ್ರಮ ಅವರ ಪುಸ್ತಕದ್ದೇ. ಹೆಸರು ಅವರು ಕರೆಯುವ ಹೆಸರೇ. ಆಧಾರ್ ಹೆಸರು ಬೇಕಿದ್ದರೆ ಬೇರೆ ಕಡೆ ಇಟ್ಟುಕೊಳ್ಳಿ.

ಇನ್ನು ಸರ್ವರ್ ವಿಷಯ. ನಾನು ಬ್ಯಾಂಕಿನ ಸಾಫ್ಟ್‌ವೇರ್ ಕಡೆ ಡೇಟಾಬೇಸ್ ಕೆಲಸವನ್ನು ಹದಿನಾರು ವರ್ಷ ಮಾಡಿದವನು. ಪೋಸ್ಟ್‌ಗ್ರೆಸ್ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ನಲವತ್ತು ಹೆಸರು, ದಿನಕ್ಕೆ ನಲವತ್ತು ಸಾಲು, ಬರೆಯುವವರು ಒಬ್ಬರೇ. ಇದಕ್ಕೆ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಸಾಕೇ ಸಾಕು. 2000ನೇ ಇಸವಿಯಿಂದ ಇದೆ, ಕೋಡ್ ಯಾರ ಸ್ವತ್ತೂ ಅಲ್ಲ, ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ನಿಮ್ಮ ಫೋನಿನ ಒಳಗೆ ಈಗಲೇ ಹತ್ತಾರು ಕಡೆ ಓಡುತ್ತಿದೆ. ಬೇರೆ ಸರ್ವರ್ ಪ್ರೋಗ್ರಾಂ ಇಲ್ಲ, ಪಾಸ್‌ವರ್ಡ್ ಇಲ್ಲ. ಇಡೀ ತೋಟದ ಲೆಕ್ಕ ಒಂದು ಫೈಲ್. ನಡುವೆ ಕರೆಂಟ್ ಹೋದರೂ ಅರ್ಧ ಬರೆದದ್ದನ್ನು ಅದು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ?

ಹಳೇ ಲ್ಯಾಪ್‌ಟಾಪ್ ಇದ್ದರೆ ಆಫೀಸ್ ರೂಮಿನಲ್ಲಿ ಇಡಿ. ಒಂದು ವೈಫೈ ರೌಟರ್, ಅದಕ್ಕೆ ಪುಟ್ಟ ಯುಪಿಎಸ್. ಪೈಥಾನ್‌ನ ಫ್ಲಾಸ್ಕ್ ಅನ್ನುವ ಸಣ್ಣ ವೆಬ್ ಲೈಬ್ರರಿಯಲ್ಲಿ ನಾಲ್ಕು ಪುಟ. ಹಾಜರಿ ಹೇಗೂ ಆ ರೂಮಿನ ಮುಂದೆಯೇ ಅಲ್ವಾ, ಫೋನಿಗೆ ವೈಫೈ ಮುಟ್ಟುತ್ತದೆ. ಇಂಟರ್ನೆಟ್ಟೇ ಬೇಕಿಲ್ಲ.

ಆರನೇಸೆಮ್ (ಹಾಸನ)

ಸರ್, ಒಂದು ಪ್ರಶ್ನೆ. ಫೋನ್‌ನಲ್ಲೇ ಆಫ್‌ಲೈನ್ ಓಡುವ ಹಾಗೆ ವೆಬ್ ಆ್ಯಪ್ ಮಾಡಬಹುದಲ್ವಾ, ಸರ್ವಿಸ್ ವರ್ಕರ್ (ನೆಟ್ ಇಲ್ಲದಿದ್ದರೂ ಪುಟ ತೆರೆಯುವ ಹಾಗೆ ಬ್ರೌಸರ್ ಒಳಗೆ ಓಡುವ ಕೋಡ್) ಹಾಕಿ? ನಾನು ನಮ್ಮ ಹಾಸ್ಟೆಲ್ ಮೆಸ್ ಲೆಕ್ಕಕ್ಕೆ ಹಾಗೆ ಮಾಡಿದ್ದೇನೆ. ಅದೂ ಅಲ್ಲದೆ ಲ್ಯಾಪ್‌ಟಾಪ್ ಹಾಳಾದರೆ ಎಲ್ಲ ಹೋಯಿತು, ಕ್ಲೌಡ್ ಆದರೆ ಆ ಭಯ ಇಲ್ಲ.

ಗಿರಿಯಡಿ (ಚಿಕ್ಕಮಗಳೂರು)

ಮಾಡಬಹುದಪ್ಪ. ಆದರೆ ಸರ್ವಿಸ್ ವರ್ಕರ್‌ಗೆ ಎಚ್‌ಟಿಟಿಪಿಎಸ್ ಅನ್ನುವ ಸುರಕ್ಷಿತ ವಿಳಾಸ ಬೇಕು, ಇಲ್ಲವೇ ಅದೇ ಯಂತ್ರದ ಲೋಕಲ್‌ಹೋಸ್ಟ್ ಆಗಿರಬೇಕು. ಮನೆ ವೈಫೈನ 192.168 ಅಂತ ಶುರುವಾಗುವ ಬರೀ ಎಚ್‌ಟಿಟಿಪಿ ವಿಳಾಸದಲ್ಲಿ ಬ್ರೌಸರ್ ಅದನ್ನು ಬಿಡುವುದಿಲ್ಲ. ನಿನ್ನದು ಕಾಲೇಜಿನಲ್ಲಿ ನಡೆದಿದ್ದು ಹೊರಗಿನ ಸರ್ವರ್ ಇದ್ದದ್ದರಿಂದ. ಮತ್ತೆ, ಆ ಲೆಕ್ಕ ರೈಟರ್ ಫೋನಿನ ಬ್ರೌಸರ್ ಒಳಗೆ ಕೂತಿರುತ್ತದೆ. ಯಾರೋ ಒಂದು ದಿನ ಜಾಗ ಸಾಲದು ಅಂತ ಬ್ರೌಸರ್ ಡೇಟಾ ಅಳಿಸಿದರೆ?

ಬ್ಯಾಕಪ್ ಬಗ್ಗೆ ನೀನು ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ದಿನಾ ಸಂಜೆ ಒಂದು ನಕಲು ಪೆನ್‌ಡ್ರೈವ್‌ಗೆ, ಸಿಗ್ನಲ್ ಸಿಕ್ಕಾಗ ಒಂದು ಹೊರಗೆ.

ಮಳೆಮಾಪಕ (ಸಕಲೇಶಪುರ)

ನಕಲು ಮಾಡುವಾಗ ಒಂದು ಎಚ್ಚರಿಕೆ. ಇದು ನನಗೆ ಆದದ್ದು. ಎಸ್‌ಕ್ಯೂಲೈಟ್‌ನ ವಾಲ್ ಅನ್ನುವ ವಿಧಾನ ಬಳಸಿದರೆ, ಹೊಸದಾಗಿ ಬರೆದದ್ದು ಮೊದಲು ಪಕ್ಕದ ಇನ್ನೊಂದು ಫೈಲ್‌ಗೆ ಹೋಗುತ್ತದೆ, ಆಮೇಲೆ ಮುಖ್ಯ ಫೈಲ್‌ಗೆ ಸೇರುತ್ತದೆ. ಪ್ರೋಗ್ರಾಂ ಓಡುತ್ತಿರುವಾಗಲೇ ನಾನು ಮುಖ್ಯ ಫೈಲ್ ಮಾತ್ರ ನಕಲು ಮಾಡುತ್ತಿದ್ದೆ. ಸಣ್ಣ ಬೋರ್ಡಿನ ಮೆಮೊರಿ ಕಾರ್ಡ್ ಕೈಕೊಟ್ಟ ದಿನ ಆ ನಕಲು ತೆರೆದೆ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದ ಆ ಎರಡು ದಿನದ ಲೆಕ್ಕವೇ ಇರಲಿಲ್ಲ. ನಿಮಗೆ ಗೊತ್ತಲ್ಲ, ವರ್ಷದಲ್ಲಿ ಯಾವ ಮಳೆ ತಪ್ಪಿದರೂ ಪರವಾಗಿಲ್ಲ, ಹೂಮಳೆ ಎಷ್ಟು ಬಿತ್ತು, ಯಾವತ್ತು ಬಿತ್ತು ಅನ್ನುವುದು ಬೇಕೇ ಬೇಕು. ಮುಂದಿನ ಬೆಳೆ ಅಂದಾಜು ಅಲ್ಲಿಂದಲೇ ಶುರು. ಪುಣ್ಯಕ್ಕೆ ಅಪ್ಪನ ಪುಸ್ತಕದಲ್ಲಿ ಇತ್ತು.

ಫೈಲ್ ನಕಲು ಮಾಡಬೇಡಿ. "ವ್ಯಾಕ್ಯೂಮ್ ಇನ್‌ಟು" ಅನ್ನುವ ಆಜ್ಞೆ ಕೊಡಿ, ಅದು ಓಡುತ್ತಿರುವಾಗಲೂ ಪೂರ್ತಿ ನಕಲು ತೆಗೆದು ಕೊಡುತ್ತದೆ. ವಾರಕ್ಕೆ ಒಂದು ಸಲ ಆ ನಕಲನ್ನು ತೆರೆದೂ ನೋಡಿ.

ಕನ್ನಡಮೇಡಂ (ಹಾಸನ)

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಪೈಥಾನ್ ಕಲಿತದ್ದು ಆಮೇಲೆ, ಮಗಳು ಥಾನಿ ಅನ್ನುವ ಸಣ್ಣ ಎಡಿಟರ್ ಹಾಕಿಕೊಟ್ಟಳು. ಈಗಲೂ ಅದನ್ನೇ ಬಳಸುತ್ತೇನೆ. ಒಂದೊಂದು ಸಾಲೂ ನಿಧಾನವಾಗಿ ಓಡಿಸಿ, ಯಾವ ಹೆಸರಿನಲ್ಲಿ ಏನು ಕೂತಿದೆ ಅಂತ ಪಕ್ಕದಲ್ಲಿ ತೋರಿಸುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನನ್ನ ಕೆಲಸ ಪದಗಳದ್ದು. ಇಪ್ಪತ್ತು ವರ್ಷ ನನ್ನ ಮಕ್ಕಳಿಂದ ಅವರವರ ಮನೆಯ ಮಾತು ಬರೆಸಿ ಇಟ್ಟಿದ್ದೆ. ಆಲೂರು, ಅರಕಲಗೂಡು, ಬೇಲೂರು, ಹೊಳೆನರಸೀಪುರ, ಎಲ್ಲ ಕಡೆಯ ಮಕ್ಕಳು. ಗದ್ದೆ ಕೆಲಸದ ಮಾತು, ಅಡುಗೆಮನೆ ಮಾತು, ಆಲೂಗಡ್ಡೆ ಹೊಲದ ಮಾತು. ಅದೆಲ್ಲ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಆಗಿತ್ತು. ಫಾಂಟ್ ತೆಗೆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಈಗ ಎಲ್ಲ ಕಡೆ ಬಳಸುವ ಯೂನಿಕೋಡ್‌ಗೆ ತರುವ ಪ್ರೋಗ್ರಾಂ ಬರೆದೆ. ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಸಾಲದು. ಅರ್ಕಾವತ್ತು ನೋಡಿ. "ಸೂರ್ಯ" ಅನ್ನುವಾಗ ಕಾಗದದ ಮೇಲೆ ಅರ್ಕಾವತ್ತು ಯಕಾರದ ನಂತರ ಬರುತ್ತದೆ, ನುಡಿಯಲ್ಲೂ ಹಾಗೇ ನಂತರ ಇಟ್ಟಿರುತ್ತಾರೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ರಕಾರ ಮೊದಲು. ಅದನ್ನು ಹಿಡಿದು ಒಂದು ಮನೆ ಹಿಂದಕ್ಕೆ ಕೂರಿಸಬೇಕು.

ಆಮೇಲೆ ಎಣಿಕೆ. ಪೈಥಾನ್‌ನ ಸಾಮಾನ್ಯ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ (ಮಾದರಿ ಕೊಟ್ಟು ಹುಡುಕುವ ಸಾಧನ) ಪದ ಹುಡುಕು ಅಂತ "ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಪ್ಲಸ್" ಕೊಟ್ಟರೆ "ಹಾಸನ" ಎರಡು ತುಂಡು ಮಾಡಿ "ಹ", "ಸನ" ಅಂತ ಕೊಡುತ್ತದೆ. "ಕನ್ನಡ" ಕೊಟ್ಟರೆ "ಕನ", "ನಡ". ಕಾಗುಣಿತದ ಚಿಹ್ನೆಯನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಅದು ಅಕ್ಷರ ಅಂತ ಒಪ್ಪುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬಂದದ್ದು ಆವತ್ತು. ಬೇರೆಯಾಗಿ ಹಾಕಿಕೊಳ್ಳುವ "ರೆಜೆಕ್ಸ್" ಲೈಬ್ರರಿ ಇದೆ, ಅದರಲ್ಲಿ ಸರಿ ಬರುತ್ತದೆ.

"ಚಿಕ್ಕಮಗಳೂರು" ಎಷ್ಟು ಅಕ್ಷರ? ನಮ್ಮ ಲೆಕ್ಕದಲ್ಲಿ ಆರು. ಪೈಥಾನ್ ಉದ್ದ ಕೇಳಿದರೆ 11 ಅನ್ನುತ್ತದೆ, ಚಿಹ್ನೆಗಳನ್ನೆಲ್ಲ ಬೇರೆ ಬೇರೆ ಎಣಿಸುತ್ತದೆ. ರೆಜೆಕ್ಸ್‌ನಲ್ಲಿ ಅಕ್ಷರಗುಚ್ಛ ಕೇಳಿದರೆ 7, "ಕ್ಕ"ವನ್ನು ಒಡೆದು ಎರಡು ಮಾಡುತ್ತದೆ. ಅರ್ಧಾಕ್ಷರದಲ್ಲಿ ಮುಗಿದ ತುಂಡನ್ನು ಮುಂದಿನದಕ್ಕೆ ಸೇರಿಸು ಅಂತ ನಾನೇ ನಾಲ್ಕು ಸಾಲು ಬರೆದ ಮೇಲೆ 6 ಬಂತು.

ಆರನೇಸೆಮ್ (ಹಾಸನ)

ಮೇಡಂ, ಇಷ್ಟು ಮಾಡುವ ಬದಲು ಎಐಗೆ ಕೇಳಿದರೆ ಬರೆದುಕೊಡುತ್ತದಲ್ವಾ? ನಾನು ನಮ್ಮೂರ ಗ್ರಂಥಾಲಯದ ಪುಸ್ತಕಗಳ ಪಟ್ಟಿಗೆ ಹಾಗೇ ಮಾಡಿಸಿದೆ. ಹತ್ತು ನಿಮಿಷದಲ್ಲಿ ಆಯಿತು. ಕನ್ನಡ ಹೆಸರುಗಳನ್ನು ಅಕಾರಾದಿಗೆ ಜೋಡಿಸುವುದೂ ಸೇರಿ.

ಕನ್ನಡಮೇಡಂ (ಹಾಸನ)

ಜೋಡಿಸಿದ್ದನ್ನು ನೋಡಿದೆಯಾ ಮಗಾ? "ಕಾವೇರಿ" ಮೊದಲು ಬಂತಾ, "ಕಾಳಮ್ಮ" ಮೊದಲು ಬಂತಾ?

ಆರನೇಸೆಮ್ (ಹಾಸನ)

ಕಾಳಮ್ಮ ಮೊದಲು ಬಂದಿದೆ ಮೇಡಂ.

ಕನ್ನಡಮೇಡಂ (ಹಾಸನ)

ವರ್ಣಮಾಲೆ ಹೇಳು. ಯ ರ ಲ ವ ಶ ಷ ಸ ಹ ಳ. ಳ ಕೊನೆಗೆ. ಯೂನಿಕೋಡ್ ಪಟ್ಟಿಯಲ್ಲಿ ಮಾತ್ರ ಳ ಬಂದು ಲ ಪಕ್ಕ ಕೂತಿದೆ. ಅದಕ್ಕೇ ಸುಮ್ನೆ ಸಾರ್ಟ್ ಮಾಡಿದರೆ ಹೀಗಾಗುತ್ತದೆ. ಒಂದು ಸುಲಭ ದಾರಿ ಇದೆ. ಆ ಪಟ್ಟಿಯಲ್ಲಿ ಹ ಆದ ಮೇಲೆ ಎರಡು ಮನೆ ಖಾಲಿ ಇವೆ. ಹೋಲಿಸುವುದಕ್ಕೆ ಮಾತ್ರ ಳಕಾರವನ್ನು ಆ ಖಾಲಿ ಮನೆಗೆ ಬದಲಿಸಿಕೋ, ತೋರಿಸುವಾಗ ಮೂಲ ಹೆಸರೇ ತೋರಿಸು.

ಇನ್ನೊಂದು. ಹುಡುಕುವ ಮುಂಚೆ ಎಲ್ಲ ಪದವನ್ನೂ ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದುಕೋ. "ಕೋ" ಬರೆಯುವಾಗ ಆ ಓತ್ವ ಒಂದೇ ಚಿಹ್ನೆಯಾಗಿ ಇರಬಹುದು, ಇಲ್ಲವೇ ಮೂರು ಚಿಹ್ನೆ ಸೇರಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ನನ್ನ ಪಟ್ಟಿಯಲ್ಲಿ "ಕೋಳಿ" ಎರಡು ಕಡೆ ಇತ್ತು, ಯಾಕೆ ಅಂತ ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆ.

ಎಐ ಬಳಸಬೇಡ ಅನ್ನುವುದಿಲ್ಲ. ನಾನೂ ಕೇಳುತ್ತೇನೆ. ಕೊಟ್ಟಿದ್ದನ್ನು ಮಾತ್ರ ನಿನಗೆ ಗೊತ್ತಿರುವ ನಾಲ್ಕು ಪದ ಹಾಕಿ ನೋಡು. ಆ ನಾಲ್ಕು ಪದ ಯಾವುದು ಅಂತ ಆರಿಸುವುದಕ್ಕೆ ಕನ್ನಡ ಗೊತ್ತಿರಬೇಕು.

ಅರಸೀಕೆರೆತೆಂಗು

ನಾನು ಬರೆಯುವುದು ಕಡಿಮೆ, ಓದುತ್ತಿರುತ್ತೇನೆ. ನಮ್ಮದು ತೆಂಗು. ಯಾವ ಸಾಲಿನ ಮರಕ್ಕೆ ಯಾವಾಗ ನೀರು ಬಿಟ್ಟೆ, ಎಷ್ಟು ಕಾಯಿ ಇಳಿಸಿದೆ, ಅಷ್ಟೇ ಲೆಕ್ಕ. ಒಂದು ಟೆಕ್ಸ್ಟ್ ಫೈಲ್, ದಿನಕ್ಕೆ ಒಂದು ಸಾಲು, ಕೂಡುವುದಕ್ಕೆ ಮೂವತ್ತು ಸಾಲಿನ ಪೈಥಾನ್. ಬದಲಾವಣೆಗಳ ಚರಿತ್ರೆ ಉಳಿಯುವ ಗಿಟ್‌ನಲ್ಲಿ ಇಟ್ಟಿದ್ದೇನೆ. ಐದು ವರ್ಷದಿಂದ ನಡೆಯುತ್ತಿದೆ.

ಎಡಿಟರ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ, ನಾನು ವಿಮ್ ಬಳಸುವವನು. ಇಂಗ್ಲಿಷ್ ಕೋಡಿಗೆ ಅದೇ ಕೈಗೆ ಒಗ್ಗಿದೆ. ಕನ್ನಡ ಬರೆಯುವಾಗ ಮಾತ್ರ ಕಷ್ಟ. ಟರ್ಮಿನಲ್ ಒಂದೊಂದು ಅಕ್ಷರಕ್ಕೂ ಒಂದೊಂದು ಚೌಕ ಅಂತ ಲೆಕ್ಕ ಹಾಕುತ್ತದೆ, ಒತ್ತಕ್ಷರ ಎಲ್ಲೋ ಹೋಗಿ ಕೂರುತ್ತದೆ, ಕರ್ಸರ್ ಇನ್ನೆಲ್ಲೋ. ಕನ್ನಡ ಫೈಲ್ ಇದ್ದರೆ ವಿಎಸ್ ಕೋಡ್ ತೆರೆಯುತ್ತೇನೆ. ಯಾವುದು ದೊಡ್ಡದು ಅಂತ ವಾದ ಬೇಡ.

ದಿನಾಂಕ ಯಾವಾಗಲೂ ವರ್ಷ-ತಿಂಗಳು-ದಿನ ಅಂತ ಬರೆಯಿರಿ, 2024-06-05 ಹಾಗೆ. ಟೆಕ್ಸ್ಟ್ ಆಗಿ ಸಾರ್ಟ್ ಮಾಡಿದರೂ ಕ್ರಮ ತಪ್ಪುವುದಿಲ್ಲ.

ಗಿರಿಯಡಿ (ಚಿಕ್ಕಮಗಳೂರು)

ದುಡ್ಡಿನ ಲೆಕ್ಕದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಸೇರಿಸುತ್ತೇನೆ. ಕಣದಮೂಲೆ ಅವರೇ, ಕುಯ್ಲಿನಲ್ಲಿ ಕೆ.ಜಿ. ಲೆಕ್ಕ ಇರುತ್ತದಲ್ಲ. ದರ ಕೆ.ಜಿ.ಗೆ 4.35 ರೂಪಾಯಿ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ನೂರು ಕೆ.ಜಿ.ಗೆ 435 ಆಗಬೇಕು. ಪೈಥಾನ್‌ನಲ್ಲಿ 4.35 ಗುಣಿಸು 100 ಹಾಕಿ ನೋಡಿ, 434.99999999999994 ಬರುತ್ತದೆ. ಅದನ್ನು ಪೂರ್ಣಾಂಕ ಮಾಡಿದರೆ 434. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ 4.35 ಅದಕ್ಕೆ ಸರಿಯಾಗಿ ಬರೆಯಲು ಬರುವುದಿಲ್ಲ. ರೌಂಡ್ ಮಾಡುತ್ತೇನೆ ಅಂತೀರಾ, ಪೈಥಾನ್‌ನಲ್ಲಿ 2.5 ರೌಂಡ್ ಮಾಡಿದರೆ 2 ಬರುತ್ತದೆ, 3 ಅಲ್ಲ. ಹತ್ತಿರದ ಸಮಸಂಖ್ಯೆಗೆ ಹೋಗುವುದು ಅದರ ನಿಯಮ.

ಒಂದು ರೂಪಾಯಿ ಅಂತ ಬಿಡಬೇಡಿ. ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು, ಬಿಸಿಲಲ್ಲಿ ಬೆನ್ನು ಬಗ್ಗಿಸಿ ದುಡಿದವರ ದುಡ್ಡು ಅದು. ಅವರು ಬಾಯಿಲೆಕ್ಕದಲ್ಲಿ ಸರಿಯಾಗಿ ಹಾಕಿಕೊಂಡು ಬಂದಿರುತ್ತಾರೆ. ಒಂದು ವಾರ ಒಂದು ರೂಪಾಯಿ ಕಡಿಮೆ ಬಂದರೆ ನಿಮ್ಮ ಯಂತ್ರವನ್ನು ಆಮೇಲೆ ಯಾರೂ ನಂಬುವುದಿಲ್ಲ, ನಂಬಬಾರದು ಕೂಡ. ದುಡ್ಡನ್ನು ಪೈಸೆಯಲ್ಲಿ ಇಡಿ, ತೂಕವನ್ನು ಗ್ರಾಮಿನಲ್ಲಿ ಇಡಿ, ಎರಡೂ ಪೂರ್ಣಾಂಕ. ಕೊನೆಗೆ ಒಂದೇ ಸಲ ಭಾಗಿಸಿ, ಪೈಸೆ ಉಳಿದರೆ ಆಳಿನ ಕಡೆಗೆ ಮೇಲಕ್ಕೆ ಏರಿಸಿ.

ಕಣದಮೂಲೆ (ಮೂಡಿಗೆರೆ ಕಡೆ)

ಸರ್, ನನ್ನ ಹಳೇ ಕೋಡಿನಲ್ಲಿ ಎಲ್ಲ ಫ್ಲೋಟ್ (ದಶಮಾಂಶ ಸಂಖ್ಯೆ) ಇತ್ತು. ಈಗಲೇ ಬದಲಾಯಿಸುತ್ತಿದ್ದೇನೆ.

ಬಟವಾಡೆ ಚೀಟಿ ಮುದ್ರಿಸಬೇಕು. ನಾನು ಬಳಸಿದ ಪಿಡಿಎಫ್ ಲೈಬ್ರರಿಯಲ್ಲಿ "ಲಕ್ಷ್ಮಮ್ಮ" ಒಡೆದು ಚೂರು ಚೂರಾಗಿ ಬರುತ್ತಿದೆ. ಒತ್ತು ಕೆಳಗೆ ಹೋಗುತ್ತಿಲ್ಲ. ಯಾರಿಗಾದರೂ ಗೊತ್ತಾ?

ಕನ್ನಡಮೇಡಂ (ಹಾಸನ)

ಪಿಡಿಎಫ್ ಲೈಬ್ರರಿ ಬಿಟ್ಟುಬಿಡಿ. ಎಚ್‌ಟಿಎಂಎಲ್ ಪುಟ ಮಾಡಿ ಬ್ರೌಸರ್‌ನಿಂದಲೇ ಮುದ್ರಿಸಿ. ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ಗೆ ಚೆನ್ನಾಗಿ ಬರುತ್ತದೆ. ನನ್ನ ಪದಪಟ್ಟಿ ಪೂರ್ತಿ ಹಾಗೇ ಮುದ್ರಿಸಿದ್ದು. ಎಕ್ಸೆಲ್‌ಗೆ ಕಳಿಸುವುದಿದ್ದರೆ ಸಿಎಸ್‌ವಿ ಫೈಲನ್ನು "ಯುಟಿಎಫ್-8-ಸಿಗ್" ಅಂತ ಬರೆಯಿರಿ. ಇಲ್ಲದಿದ್ದರೆ ಅಲ್ಲಿ ಕನ್ನಡ ಹೋಗಿ ಏನೇನೋ ಚಿಹ್ನೆ ಕಾಣುತ್ತದೆ.

ಅಕ್ಷರ ದೊಡ್ಡದಾಗಿ ಇಡಿ. ರೈಟರ್ ಕಣ್ಣಿನ ವಿಷಯ ನೀವೇ ಹೇಳಿದ್ದೀರಿ.

ಕಣದಮೂಲೆ (ಮೂಡಿಗೆರೆ ಕಡೆ), ಐದು ವಾರದ ನಂತರ

ಎಲ್ಲರಿಗೂ ಸುದ್ದಿ ಹೇಳಬೇಕು ಅಂತ ಕಾಯುತ್ತಿದ್ದೆ.

ಹಳೆಯದನ್ನು ಪೂರ್ತಿ ಬಿಟ್ಟೆ. ಹೊಸದು ಆರುನೂರು ಸಾಲು ಇಲ್ಲ. ಫ್ಲಾಸ್ಕ್, ಎಸ್‌ಕ್ಯೂಲೈಟ್, ಆಫೀಸ್ ರೂಮಿನಲ್ಲಿ ತಂಗಿಯ ಹಳೇ ಲ್ಯಾಪ್‌ಟಾಪ್. ಲಾಗಿನ್ ತೆಗೆದೆ. ಪುಟ ನೋಡಲು ಪುಸ್ತಕದ ಹಾಗೇ ಇದೆ, ಎಡಗಡೆ ಹೆಸರು, ಬಲಗಡೆ ತಾರೀಖು, ಮೂವತ್ತೊಂದು ಮನೆ. ಅಡ್ಡಗೆರೆ ಕೂಡ ಪೆನ್ಸಿಲ್ ಬಣ್ಣದಲ್ಲೇ ಇಟ್ಟೆ. ಹೆಸರುಗಳನ್ನು ರೈಟರ್ ಪಕ್ಕ ಕೂತು ಹೇಳಿದರು, ನಾನು ಟೈಪ್ ಮಾಡಿದೆ. ಗೇಟಿನ ಲಕ್ಷ್ಮಿ, ಜೀಪಿನ ಲಕ್ಷ್ಮಿ, ಲಕ್ಷ್ಮಮ್ಮ.

ಪುಸ್ತಕ ಬಿಡಿ ಅಂತ ನಾನು ಹೇಳಲೇ ಇಲ್ಲ. ಎರಡು ವಾರ ಅವರು ಎರಡರಲ್ಲೂ ಬರೆದರು. ಮೊದಲ ಶುಕ್ರವಾರ ರಾತ್ರಿ ಅವರು ಎಂದಿನಂತೆ ಕೈಯಲ್ಲಿ ಕೂಡಿದರು, ನಾನು ಒಂದು ಗುಂಡಿ ಒತ್ತಿದೆ. ಒಟ್ಟು ಮೊತ್ತದಲ್ಲಿ 150 ರೂಪಾಯಿ ವ್ಯತ್ಯಾಸ ಬಂತು. ನನ್ನದೇ ತಪ್ಪು ಅಂದುಕೊಂಡು ಕೋಡ್ ತೆರೆದು ಕೂತೆ. ಅವರು ಪುಸ್ತಕ ತಿರುವಿ ಬೆರಳು ಇಟ್ಟು ಒಂದೊಂದೇ ಸಾಲು ನೋಡುತ್ತಾ ಹೋದರು. ಬುಧವಾರ ಒಬ್ಬರು ಮಧ್ಯಾಹ್ನದ ಮೇಲೆ ಮುಂಗಡ ತೆಗೆದುಕೊಂಡದ್ದನ್ನು ಫೋನಿನಲ್ಲಿ ಹಾಕಿದ್ದರು, ಪುಸ್ತಕದಲ್ಲಿ ಬರೆಯುವುದು ಬಿಟ್ಟುಹೋಗಿತ್ತು. ಅವರೇ ಕಂಡುಹಿಡಿದರು. ಪೆನ್ ತೆಗೆದು ಪುಸ್ತಕದಲ್ಲಿ ಸೇರಿಸಿ, "ಈಗ ಸರಿ ಆಯ್ತು" ಅಂದರು.

ಮೂರನೇ ವಾರ ಶುಕ್ರವಾರ ಸಂಜೆ ಏಳಕ್ಕೆ ಚೀಟಿಗಳೆಲ್ಲ ಮುದ್ರಣ ಆಗಿದ್ದವು. ಅವರು ಮನೆಗೆ ಬೇಗ ಹೋದರು.

ಮೊನ್ನೆ ಕರೆಂಟ್ ಹೋಗಿ ಎರಡು ದಿನ ಬರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮೂರು ಗಂಟೆಗೆ ಮುಗಿಯಿತು. ಆ ಎರಡು ದಿನ ಪುಸ್ತಕದಲ್ಲಿ ಬರೆದು ಆಮೇಲೆ ಹತ್ತು ನಿಮಿಷದಲ್ಲಿ ಫೋನಿಗೆ ಹಾಕಿದರು. ಹಾಗಾಗಿ ಪುಸ್ತಕ ಇರಲಿ ಅಂತಲೇ ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ.

ಈಗ ಅವರೇ ಒಂದು ಕೇಳಿದ್ದಾರೆ. ಪ್ರತಿ ದಿನದ ತಾರೀಖಿನ ಮೇಲೆ ಆವತ್ತಿನ ಮಳೆ ಬರೆಯಬೇಕಂತೆ, ಅವರ ಪುಸ್ತಕದಲ್ಲಿ ಯಾವಾಗಲೂ ಮೂಲೆಯಲ್ಲಿ ಬರೆಯುತ್ತಿದ್ದರು. ಆಳು ಯಾಕೆ ಕಡಿಮೆ ಬಂದರು ಅಂತ ಆಮೇಲೆ ನೋಡಿದರೆ ಗೊತ್ತಾಗುತ್ತದೆ ಅಂತ. ಮಳೆಮಾಪಕ ಅಣ್ಣ, ನಿಮ್ಮ ಕೋಡ್ ಕೊಡುತ್ತೀರಾ? ಸೆಂಟ್ ಲೆಕ್ಕದಲ್ಲೇ ಬೇಕು.

ಮಳೆಮಾಪಕ (ಸಕಲೇಶಪುರ)

ಕೊಡದೆ ಇರುತ್ತೇನಾ. ಇವತ್ತು ರಾತ್ರಿ ಹಾಕುತ್ತೇನೆ. ಬೋರ್ಡಿಗೆ ಸಮಯ ಹೇಳುವುದಕ್ಕೆ ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಚಿಪ್ ತೆಗೆದುಕೊಳ್ಳಿ, ನಿಮ್ಮಲ್ಲಿ ಇಂಟರ್ನೆಟ್ ಇಲ್ಲವಲ್ಲ. ಮಾಪಕದ ಬಾಯಿಗೆ ಸಣ್ಣ ಜಾಲರಿ ಹಾಕಿ, ಇಲ್ಲದಿದ್ದರೆ ಸಿಲ್ವರ್ ಓಕ್ ಎಲೆ ಬಿದ್ದು ಕಟ್ಟಿಕೊಳ್ಳುತ್ತದೆ.

ದಿನ ಎಂಟೂವರೆಗೆ ಮುಗಿಯುವ ಹಾಗೆ ಇದೆ. ನಿಮ್ಮ ರೈಟರ್ ಮಳೆ ನೋಡುವುದು ಎಷ್ಟು ಹೊತ್ತಿಗೆ ಅಂತ ಮೊದಲು ಅವರನ್ನು ಕೇಳಿಕೊಂಡು ಬನ್ನಿ.